ಹೆಡ್‌ಮಾಸ್ಟರ ಪಟವೂ ನನ್ನ ಸ್ವತಂತ್ರ ಕಂಪ್ಯೂಟರೂ

ನನಗೆ ಬೀಡಿ, ಸಿಗರೇಟು, ಎಲೆ ಅಡಿಕೆ ಇಂಥ ಯಾವ ಚಟವೂ ಇಲ್ಲ. ಇರುವುದು ಒಂದೇ ಒಂದು, ಅದು ಇವೆಲ್ಲಕ್ಕಿಂತ ಕೆಟ್ಟದ್ದು. ಯಾವುದಾದರೂ ಹೊಸ ವಿಷಯ ಅರ್ಧ ತಿಳಿಯಿತೆಂದರೆ, ಉಳಿದರ್ಧ ತಿಳಿಯುವ ಮೊದಲೇ ಅದನ್ನು ಊರಿಗೆಲ್ಲ ಸಾರಿಬಿಡುತ್ತೇನೆ. ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಗ್ಗೆ ಕುಡಿದರೆ ಕಾಯಿಲೆಯೇ ಬರುವುದಿಲ್ಲ ಎಂದು ಒಮ್ಮೆ ಎಲ್ಲೋ ಓದಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಗೂ ಚೊಂಬು ಹಿಡಿಸಿದೆ. ಅವರೆಲ್ಲ ಚೆನ್ನಾಗಿಯೇ ಇದ್ದರು. ಆ ವಾರ ನೆಗಡಿಯಾಗಿ ರಜೆ ಹಾಕಿದವನು ನಾನೊಬ್ಬನೇ. ಇನ್ನೊಮ್ಮೆ ಸೌರ ಒಲೆಯ ಹುಚ್ಚು ಹಿಡಿಯಿತು. ಮಾಳಿಗೆಯ ಮೇಲೆ ಅದನ್ನಿಟ್ಟು ಬೆಳಗ್ಗೆ ಎಂಟಕ್ಕೆ ಅಕ್ಕಿ ಹಾಕಿದೆ. ಸಂಜೆ ಐದಕ್ಕೆ ನನ್ನ ಹೆಂಡತಿ ನಾಗರತ್ನ ಮುಚ್ಚಳ ತೆಗೆದು ನೋಡಿ, "ಅಕ್ಕಿ ಚೆನ್ನಾಗಿ ನೆಂದದೆ ಕಣ್ರೀ, ನಾಳೆ ದೋಸೆಗೆ ರುಬ್ತೀನಿ" ಅಂದಳು. ಅವಳು ಹಾಗೇ. ನನ್ನ ಯಾವ ಪ್ರಯೋಗವನ್ನೂ ವ್ಯರ್ಥ ಮಾಡುವವಳಲ್ಲ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ, ಸ್ಕೂಲು ಹನೂರಿಗೂ ರಾಮಾಪುರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದರಿಂದ ನನಗೆ ಪ್ರಪಂಚವನ್ನು ತಿದ್ದುವ ಬಗ್ಗೆ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ನಾನು ಹೇಳುತ್ತಿರುವುದು ಎಲ್ಲರ ಜೇಬಿನಲ್ಲೂ ಫೋಟೋ ತೆಗೆಯುವ ಫೋನು ಬಂದಿರದ ಕಾಲದ ಮಾತು. ಆಗ ಯಳಂದೂರಿನಲ್ಲಿ ಮೇಷ್ಟ್ರುಗಳಿಗೆಂದು ಎರಡು ದಿನದ ಕಂಪ್ಯೂಟರ್ ತರಬೇತಿ ನಡೆಯಿತು. ಬೇರೆಯವರೆಲ್ಲ ಉಪ್ಪಿಟ್ಟು ತಿಂದು, ಸಹಿ ಹಾಕಿ, ಹಿಂದಿನ ಬೆಂಚಿನಲ್ಲಿ ತೂಕಡಿಸಿದರು. ನಾನು ಮಾತ್ರ ಮುಂದಿನ ಬೆಂಚಿನಲ್ಲಿ ಕೂತು ಹಾಳಾದೆ. ಅಲ್ಲಿ ಪಾಠ ಮಾಡಿದವರು ಹೇಳಿದರು: ಕಂಪ್ಯೂಟರಿನೊಳಗಿನ ತಂತ್ರಾಂಶ ಯಾವುದೋ ಒಬ್ಬರ ಸ್ವತ್ತಾಗಿರಬಾರದು, ಬಾವಿಯ ನೀರಿನಂತೆ ಯಾರು ಬೇಕಾದರೂ ಸೇದಿಕೊಳ್ಳಬಹುದಾದ, ಬೇಕಾದರೆ ಬಾವಿಯನ್ನೇ ರಿಪೇರಿ ಮಾಡಬಹುದಾದ ಮುಕ್ತ ತಂತ್ರಾಂಶ ಇದೆ, ಅದಕ್ಕೆ ಲಿನಕ್ಸ್ ಎನ್ನುತ್ತಾರೆ, ಇಗೋ ಸಿಡಿ, ನೀವೂ ಹಾಕಿಕೊಳ್ಳಿ, ನಿಮ್ಮ ಸ್ನೇಹಿತರಿಗೂ ಕೊಡಿ. ವರ್ಷಕ್ಕೊಮ್ಮೆ ಸ್ವಾತಂತ್ರ್ಯ ಚಳವಳಿಯ ಪಾಠ ಮಾಡುತ್ತಾ ಬಂದು, ಒಮ್ಮೆಯೂ ಯಾವ ಚಳವಳಿಗೂ ಇಳಿಯಲಾಗದೆ ಕೊರಗುತ್ತಿದ್ದ ನನಗೆ ಮೈ ಜುಮ್ಮೆಂದಿತು. ಯಳಂದೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ, ರೇಷ್ಮೆಗೂಡಿನ ಚೀಲ ತಬ್ಬಿಕೊಂಡಿದ್ದ ಯಜಮಾನರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೊನೆವರೆಗೂ ಕೇಳಿ, "ಒಳ್ಳೇದೇ ಬುಡಿ ಸಾ, ಮಾಡಿ" ಅಂದರು.

ಮಾಡಿದೆ. ಮನೆಯ ಕಂಪ್ಯೂಟರಿನಲ್ಲಿದ್ದ ಹಳೆಯ ತಂತ್ರಾಂಶವನ್ನು ಒಂದು ಭಾನುವಾರ ಬೆಳಗ್ಗೆ ಬೇರುಸಹಿತ ಕಿತ್ತೆಸೆದು ಹೊಸದನ್ನು ಪ್ರತಿಷ್ಠಾಪಿಸಿದೆ. ನಾಗರತ್ನ ಆ ಕಂಪ್ಯೂಟರನ್ನು ಮಧ್ಯಾಹ್ನದ ಇಸ್ಪೀಟಾಟಕ್ಕೆ ಮಾತ್ರ ಬಳಸುತ್ತಿದ್ದಳು. ಅವಳ ಆಟ ಮಾಯವಾಗಿದ್ದು ಕಂಡು ಮುಖ ಊದಿಸಿಕೊಂಡಳು. ಹುಡುಕಿ ನೋಡಿದರೆ ಹೊಸದರಲ್ಲಿ ಹತ್ತಾರು ಬಗೆಯ ಇಸ್ಪೀಟಾಟಗಳಿದ್ದವು. ಅಷ್ಟರಿಂದಲೇ ಅವಳು ಚಳವಳಿಗೆ ಸೇರಿದಳು. ತತ್ವಕ್ಕಾಗಿ ಸೇರಿದ ನಾನು ಪಟ್ಟ ಪಾಡು ನೋಡಿದರೆ, ಇಸ್ಪೀಟಿಗಾಗಿ ಸೇರುವುದೇ ಲೇಸು.

ಹೀಗಿರುವಾಗ ನಮ್ಮ ಹೆಡ್‌ಮಾಸ್ಟರ್ ಗುರುಮಲ್ಲಪ್ಪನವರ ನಿವೃತ್ತಿ ಬಂತು. ಬಂಡಳ್ಳಿಯವರು, ಇಂಗ್ಲಿಷ್ ಮೇಷ್ಟ್ರಾಗಿದ್ದು ಹೆಡ್‌ಮಾಸ್ಟರಾದವರು. ಒಂದು ವಾಕ್ಯವನ್ನು ಪೂರ್ತಿ ಓದದೆ ಯಾರಾದರೂ ಉತ್ತರ ಹೇಳಿದರೆ ಅವರು ಸಹಿಸುತ್ತಿರಲಿಲ್ಲ. ರಜಾ ಚೀಟಿಯಲ್ಲಿ ಪೂರ್ಣವಿರಾಮ ಬಿಟ್ಟುಹೋಗಿದ್ದರೆ ಮೇಷ್ಟ್ರುಗಳಿಗೇ ವಾಪಸು ಕೊಡುತ್ತಿದ್ದರು. ಬೀಳ್ಕೊಡುಗೆ ಸಮಾರಂಭದ ಬಗ್ಗೆ ಸಭೆ ಕೂತಾಗ, ನಮ್ಮ ಪಿ.ಟಿ. ಮೇಷ್ಟ್ರು ಅಂತೋಣಿ, ಕೊಳ್ಳೇಗಾಲದ ಸ್ಟುಡಿಯೋದವನನ್ನು ಕರೆಸೋಣ ಎಂದರು. ಅಂತೋಣಿ ಮಾರ್ಟಳ್ಳಿಯವರು, ಮಾತಿನ ನಡುವೆ ತಮಿಳು ಇಣುಕುತ್ತದೆ. ನಾನು ತಟ್ಟನೆ ಎದ್ದು ನಿಂತೆ. "ಸ್ಟುಡಿಯೋದವನು ಯಾಕೆ? ನಾನಿಲ್ವಾ? ನನ್ನತ್ರ ಡಿಜಿಟಲ್ ಕ್ಯಾಮೆರಾ ಇದೆ, ಸ್ವತಂತ್ರವಾದ ಕಂಪ್ಯೂಟರ್ ಇದೆ. ಹೊರಗಿನವರ ಮುಂದೆ ಕೈ ಚಾಚೋದ್ಯಾಕೆ?" ಎಂದು ಸುಮಾರು ಹೊತ್ತು ಮಾತಾಡಿದೆ. ಹೆಡ್‌ಮಾಸ್ಟರಿಗೆ ಅದು ಹಿಡಿಸಿತು. "ಸ್ವಾವಲಂಬನೆ. ಒಳ್ಳೆ ಮಾತು" ಅಂದರು. ಅಂತೋಣಿ ಮಾತ್ರ ನನ್ನ ಕಿವಿಯಲ್ಲಿ, "ಪಾತ್ತುಕೊಳ್ಳಿ ಸಾರ್, ಒಂದೇ ದಿನ ಫಂಕ್ಷನ್ನು, ಎರಡನೇ ಸಲ ರಿಟೈರ್ ಆಗಲ್ಲ ಅವರು" ಅಂದರು.

ಸಮಾರಂಭದ ದಿನ ಹೆಡ್‌ಮಾಸ್ಟರಿಗೆ ಮೈಸೂರು ಪೇಟ, ಶಾಲು, ಸುಗಂಧರಾಜದ ಹಾರ, ಹಣ್ಣಿನ ತಟ್ಟೆ ಎಲ್ಲ ಆಯಿತು. ನಾನು ಚಕಚಕನೆ ಫೋಟೋ ತೆಗೆಯುತ್ತಿದ್ದೆ. ಅವರ ಹೆಂಡತಿ ಮಹದೇವಮ್ಮನವರು ಬಂದಿದ್ದರು. ಗಂಡ ಅಷ್ಟು ವರ್ಷ ಕೆಲಸ ಮಾಡಿದ ಸ್ಕೂಲಿನೊಳಕ್ಕೆ ಅವರು ಕಾಲಿಟ್ಟಿದ್ದು ಅದೇ ಮೊದಲು. ವೇದಿಕೆ ಹತ್ತಲು ಸುತರಾಂ ಒಪ್ಪಲಿಲ್ಲ. "ನಾನೇನ್ ಪಾಠ ಮಾಡಿದ್ನಾ? ಇಲ್ಲೇ ಕೂತ್ಕತೀನಿ" ಎಂದು ಹೆಣ್ಣುಮಕ್ಕಳ ನಡುವೆ ನೆಲದ ಮೇಲೆ ಕೂತುಬಿಟ್ಟರು. ಅಂತೋಣಿ ಹೋಗಿ ಹೇಗೋ ಒಪ್ಪಿಸಿ ಕರೆತಂದು, ಹೆಡ್‌ಮಾಸ್ಟರ ಪಕ್ಕ ಕುರ್ಚಿ ಹಾಕಿದರು. ಇಬ್ಬರ ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗವಿತ್ತು. ನಾನು ಕ್ಯಾಮೆರಾ ಎತ್ತಿ, "ಸ್ವಲ್ಪ ಹತ್ರ ಕೂತ್ಕೊಳಿ ಸಾರ್" ಅಂದೆ. ಇಡೀ ಸ್ಕೂಲು ನೋಡುತ್ತಿತ್ತು. ಹೆಡ್‌ಮಾಸ್ಟರು ತಾವು ಕೂತಿದ್ದ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಅದು ಸಿಮೆಂಟಿನ ಮೇಲೆ ಕಿರ್ರೆಂದಿತು. ಮಕ್ಕಳು ಹೋ ಎಂದರು. ಮಹದೇವಮ್ಮನವರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹೋಗುವ ಮೊದಲೇ ನಾನು ಗುಂಡಿ ಒತ್ತಿದೆ.

ಊಟದ ಹೊತ್ತಿಗೆ ಮಹದೇವಮ್ಮನವರು ನನ್ನನ್ನು ಹುಡುಕಿಕೊಂಡು ಬಂದರು. "ಮೇಷ್ಟ್ರೇ, ಮದ್ವೇಲಿ ತಗ್ಸಿದ್ ಪಟ ಒಂದಿತ್ತು ಕಣಪ್ಪ. ಗೆದ್ಲು ಇವ್ರ ಮೊಕವ ತಿಂದಾಕ್ಬುಡ್ತು, ನಂದೊಂದೇ ಉಳ್ಕಂಡದೆ. ನೋಡ್ದೋರು, ಇವ್ಳು ಯಾರ್ನ ಮದ್ವೆ ಆದ್ಲು ಅಂತ ನಗ್ತರೆ. ಇದೊಂದ ದೊಡ್ದಾಗಿ ಆಕ್ಸಿ ಕೊಟ್ಬುಡಿ" ಅಂದರು.

"ನಾಳೆ ಸಾಯಂಕಾಲದೊಳಗೆ ತಂದುಕೊಡ್ತೀನಿ ಅಮ್ಮಾ" ಅಂದೆ. ಅರ್ಧ ತಿಳಿದವನ ಬಾಯಿಂದ ಬರುವ ಮಾತೇ ಅದು.

ಮನೆಗೆ ಬಂದು ಕ್ಯಾಮೆರಾದ ವೈರನ್ನು ಕಂಪ್ಯೂಟರಿಗೆ ಚುಚ್ಚಿದೆ. ಕ್ಯಾಮೆರಾ ಕೀಂ ಎಂದಿತು. ಪರದೆಯ ಮೇಲೆ ಫೋಟೋ ತುಂಬಿಕೊಳ್ಳುವ ತಂತ್ರಾಂಶ ತೆರೆದುಕೊಂಡಿತು. ನನ್ನ ಎದೆ ಉಬ್ಬಿತು. ಮರುಕ್ಷಣ ಒಂದು ಸಣ್ಣ ಚೌಕ ಮೂಡಿ, ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಸರಿ ಎಂಬ ಗುಂಡಿ ಒತ್ತಿದೆ. ಚೌಕ ಹೋಯಿತು, ತಂತ್ರಾಂಶವೂ ಹೋಯಿತು. ಫೋಟೋ ಬರಲಿಲ್ಲ. ಇನ್ನೊಮ್ಮೆ ಚುಚ್ಚಿದೆ. ಮತ್ತೆ ಅದೇ ಚೌಕ, ಅದೇ ಎರಡು ಸಾಲು, ಅದೇ ಗುಂಡಿ. ಕಂಪ್ಯೂಟರು ಏನಾದರೂ ಹೇಳಿದರೆ ಅದನ್ನು ಓದುವುದು ನಮ್ಮ ಕಡೆ ರೂಢಿಯಲ್ಲಿಲ್ಲ. ಬಸ್ಸಿನಲ್ಲಿ "ಫುಟ್‌ಬೋರ್ಡಿನ ಮೇಲೆ ನಿಲ್ಲಬೇಡಿ" ಎಂದು ಬರೆದಿರುವ ಫಲಕಕ್ಕೇ ಬೆನ್ನು ಒರಗಿಸಿಕೊಂಡು ಫುಟ್‌ಬೋರ್ಡಿನ ಮೇಲೆ ನಿಲ್ಲುವ ಜನ ನಾವು. ಸರಿ ಎಂಬ ಗುಂಡಿ ಇರುವುದೇ ಓದದೆ ಒತ್ತುವುದಕ್ಕೆ ಎಂದು ನನ್ನ ತಿಳಿವಳಿಕೆಯಾಗಿತ್ತು.

ವೈರು ಬದಲಾಯಿಸಿದೆ. ಮುಂದಿನ ತೂತಿನಿಂದ ತೆಗೆದು ಹಿಂದಿನ ತೂತಿಗೆ ಹಾಕಿದೆ. ಬಾಯಿಂದ ಊದಿದೆ. ನಾಗರತ್ನ ಬಂದು ಊದುಕಡ್ಡಿ ಬೆಳಗಿ ಹೋದಳು. ಈ ತಂತ್ರಾಂಶ ಸರಿಯಿಲ್ಲವೇನೋ ಎಂದು ಇನ್ನೊಂದು ಹಾಕಿದೆ. ಆಮೇಲೆ ಮತ್ತೊಂದು. ಮುಕ್ತ ತಂತ್ರಾಂಶದ ಸೌಭಾಗ್ಯವೆಂದರೆ ಎಲ್ಲವೂ ಪುಕ್ಕಟೆ, ದೌರ್ಭಾಗ್ಯವೂ ಅದೇ. ನಾಲ್ಕು ದಿನ ಕಳೆಯುವುದರೊಳಗೆ ನನ್ನ ಕಂಪ್ಯೂಟರಿನಲ್ಲಿ ಐದು ಫೋಟೋ ತಂತ್ರಾಂಶಗಳಿದ್ದವು, ಒಂದೂ ಫೋಟೋ ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಕೇಳಿದೆ. ಯಾವ ದೇಶದವನೋ ಏನೋ, ಒಬ್ಬ ಪುಣ್ಯಾತ್ಮ ಒಂದು ಆಜ್ಞೆ ಬರೆದು ಇದನ್ನು ಟೈಪ್ ಮಾಡಿ ನೋಡು ಎಂದ. ಮಾಡಿ ನೋಡಿದೆ. ಸ್ಪೀಕರಿನ ಸದ್ದು ನಿಂತುಹೋಯಿತು. ಕ್ಯಾಮೆರಾ ಹೇಗಿತ್ತೋ ಹಾಗೇ ಇತ್ತು.

ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡನ್ನೇ ಹೊರಗೆ ತೆಗೆದು ಬೇರೆ ಕಡೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆಗೆದೆ. ಆದರೆ ನನ್ನ ಕ್ಯಾಮೆರಾದ ಕಾರ್ಡಿನ ಜಾತಿಯೇ ಬೇರೆ. ಕೊಳ್ಳೇಗಾಲದ ಯಾವ ಅಂಗಡಿಯ ಯಾವ ತೂತಿಗೂ ಅದು ಹೊಂದಲಿಲ್ಲ. ದಸರಾ ರಿಯಾಯಿತಿ ಎಂದು ಮೈಸೂರಿನಲ್ಲಿ ಆ ಕ್ಯಾಮೆರಾ ಕೊಳ್ಳುವಾಗ ನಾಗರತ್ನ, "ಬೇರೆ ಯಾರೂ ಯಾಕೆ ಇದ ತಗೋತಿಲ್ಲ?" ಎಂದು ಕೇಳಿದ್ದಳು. ಅದಕ್ಕೆ ನಾನೊಂದು ಭಾಷಣವನ್ನೇ ಮಾಡಿದ್ದೆ.

ಐದನೇ ದಿನ ಬೆಳಗ್ಗೆ, ನಾನಿನ್ನೂ ಹಲ್ಲುಜ್ಜುತ್ತಿರುವಾಗ, ಗುರುಮಲ್ಲಪ್ಪನವರು ಒಂದು ಚೀಲ ಅವರೆಕಾಯಿ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಅವತ್ತು ಶನಿವಾರ. ಬಂಡಳ್ಳಿಯಿಂದ ಮೊದಲನೇ ಬಸ್ಸಿಗೇ ಬಂದಿದ್ದರು. "ಹೊಲದ್ದು" ಎಂದು ಚೀಲ ಇಳಿಸಿ, ಕುರ್ಚಿಯಲ್ಲಿ ಕೂತು, ಸುತ್ತಲೂ ನೋಡಿದರು. ಪಟದ ಮಾತೆತ್ತಲಿಲ್ಲ. ಎತ್ತದೇ ಇದ್ದದ್ದರಿಂದ ನಾನೇ ಎತ್ತಬೇಕಾಯಿತು.

"ಡೆವಲಪ್ ಆಗ್ತಾ ಇದೆ ಸಾರ್" ಅಂದೆ.

"ಡೆವಲಪ್ಪಾ? ರೀಲು ಇರಲ್ಲ, ಡೆವಲಪ್ ಬೇಕಿಲ್ಲ, ಅದೇ ಡಿಜಿಟಲ್ಲಿನ ಹೆಚ್ಚುಗಾರಿಕೆ ಅಂತ ಸಭೇಲಿ ನೀವೇ ಹೇಳಿದ್ರಿ" ಅಂದರು.

"ಕರೆಂಟು ಸಾರ್" ಅಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು, ಕಾಫಿ ಕುಡಿದು ಹೋದರು.

ನಿವೃತ್ತರಾದವರಿಗೆ ಇಡೀ ದಿನ ಬಿಡುವು ಎಂಬ ಸಂಗತಿ ನನಗೆ ಆಮೇಲೆ ಹೊಳೆಯಿತು. ಅವರು ದಿನ ಬಿಟ್ಟು ದಿನ ಬರತೊಡಗಿದರು. ನಾನು ಸ್ಕೂಲಿಗೆ ಹೋಗಿದ್ದರೂ ಬಂದು, ಜಗಲಿಯಲ್ಲಿ ಪೇಪರ್ ಓದಿ, ನಾನು ಬರುವ ಬಸ್ಸಿನ ಹೊತ್ತಿಗೆ ಎದ್ದು ನಿಂತಿರುತ್ತಿದ್ದರು. ಪ್ರತಿ ಸಲವೂ ಒಂದು ಚೀಲ ಅವರೆಕಾಯಿ. ಸುಲಿದು, ನೆನೆಹಾಕಿ, ಒಂದೊಂದೇ ಕಾಳು ಹಿತಕಿ ಹಿತಕಿ ನಾಗರತ್ನನ ಹೆಬ್ಬೆರಳು ಊದಿಕೊಂಡಿತು. ಬೆಳಗ್ಗೆ ಹಿತಕಿದವರೆ ಉಪ್ಪಿಟ್ಟು, ಮಧ್ಯಾಹ್ನ ಹಿತಕಿದವರೆ ಸಾರು. "ಏನ್ರೀ, ಆ ಪಟ ಕೊಟ್ಬುಡಿ, ಇಲ್ಲಾಂದ್ರೆ ನಾನೇ ಬಂಡಳ್ಳಿಗೆ ಹೋಗಿ ಅವರ ಅವರೆ ಗಿಡ ಎಲ್ಲಾ ಕಿತ್ತಾಕಿ ಬರ್ತೀನಿ" ಅಂದಳು.

ಮಾನ ಬಿಟ್ಟು ಸ್ಟುಡಿಯೋಗೆ ಹೋದೆ. ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ, ತರಕಾರಿ ಚೀಲದಲ್ಲಿಟ್ಟು, ಗಿರಾಕಿಗಳಿಲ್ಲದ ಹೊತ್ತು ನೋಡಿ ಒಳಗೆ ನುಸುಳಿದೆ. ಸ್ಟುಡಿಯೋದವನು ನನ್ನ ಮುಖ ನೋಡಿದ ಕೂಡಲೇ, "ಬನ್ನಿ ಸಾ, ಸ್ವತಂತ್ರ ಬಂತಾ?" ಅಂದ. ಅಂತೋಣಿ ಎಲ್ಲ ಹೇಳಿಬಿಟ್ಟಿದ್ದರು. ಪಾಪ, ಅವನು ಒಳ್ಳೆಯವನೇ. ತನ್ನ ಕಂಪ್ಯೂಟರಿಗೆ ಕ್ಯಾಮೆರಾ ಚುಚ್ಚಿ ನೋಡಿದ. ಅದು ಕ್ಯಾಮೆರಾ ಜೊತೆ ಬಂದಿದ್ದ ಸಿಡಿ ಕೊಡು ಎಂದಿತು. "ಆ ಸಿಡಿ ತನ್ನಿ ಸಾ, ಎಲ್ಡ್ ನಿಮ್ಸದ ಕೆಲ್ಸ" ಅಂದ.

ಓಡಿಕೊಂಡು ಮನೆಗೆ ಬಂದು ಮೇಜು, ಬೀರು, ಟ್ರಂಕು ಎಲ್ಲ ಜಾಲಾಡಿದೆ. ನಾಗರತ್ನ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಹೊಳೆಯೋ ತಟ್ಟೇನಾ? ನಿಮ್ಮ ಹೊಸ ಸ್ವತಂತ್ರದಲ್ಲಿ ಹಳೇ ಸಿಡಿ ಒಂದೂ ಬೇಡ ಅಂದ್ರಲ್ಲ, ಮಾಳಿಗೆ ಮ್ಯಾಲೆ ಕಟ್ಟಿವ್ನಿ" ಅಂದಳು. ಮಾಳಿಗೆಗೆ ಹತ್ತಿದೆ. ಅವಳು ಸಂಡಿಗೆ ಒಣಗಿಸುವ ಕಡೆ, ಗೊರವಂಕಗಳು ಹೆದರಲಿ ಎಂದು ದಾರದಲ್ಲಿ ನಾಲ್ಕೈದು ಸಿಡಿ ತೂಗುಹಾಕಿದ್ದಳು. ನನ್ನ ಕ್ಯಾಮೆರಾದ ಸಿಡಿ ಬಿಸಿಲಿಗೆ ಸುಟ್ಟು, ಗಾಳಿಗೆ ಗೋಡೆಗುಜ್ಜಿ, ಹಳೇ ಹೆಂಚಿನ ಹಾಗಾಗಿತ್ತು. ಅದರ ಕೆಳಗೇ ಎರಡು ಗೊರವಂಕಗಳು ಯಾವ ಹೆದರಿಕೆಯೂ ಇಲ್ಲದೆ ಸಂಡಿಗೆ ತಿನ್ನುತ್ತಿದ್ದವು.

ಆ ಭಾನುವಾರ ಗುರುಮಲ್ಲಪ್ಪನವರು ಬಂದಾಗ ಜೊತೆಯಲ್ಲಿ ಮಹದೇವಮ್ಮನವರೂ ಇದ್ದರು. ಒಬ್ಬರನ್ನೇ ಎದುರಿಸಲಾಗದವನಿಗೆ ಇಬ್ಬರು. ಮಹದೇವಮ್ಮನವರು ಚಾಪೆಯ ಮೇಲೆ ಕೂತು, ಅವರೆಕಾಯಿ ಚೀಲವನ್ನು ತಾವೇ ಬಿಚ್ಚಿ ಸುಲಿಯಲು ಶುರುಮಾಡಿ, "ಏನಪ್ಪ ಮೇಷ್ಟ್ರೇ, ನಮ್ ಪಟ ಎಲ್ಲಿಗೋಯ್ತು?" ಎಂದು ನೇರವಾಗಿ ಕೇಳಿಬಿಟ್ಟರು. ಗಂಡನಿಗೆ ಇಷ್ಟು ದಿನ ಆಗದ ಕೆಲಸ ಅದು.

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಮುಗಿದಿತ್ತು. ಎಲ್ಲವನ್ನೂ ಒಪ್ಪಿಕೊಂಡೆ. ಪಟ ಹೋಗಿಲ್ಲ, ಕ್ಯಾಮೆರಾದೊಳಗೇ ಇದೆ, ಈಚೆಗೆ ಬರುತ್ತಿಲ್ಲ ಎಂದು ಹೇಳಿ, ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ತೋರಿಸಿದೆ. ಮಹದೇವಮ್ಮನವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಬೆಂಕಿಪೊಟ್ಣದಷ್ಟಿದೀವಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇವ್ರು ಕುರ್ಚಿ ಎಳ್ಕಂಡ್ ಬಂದವ್ರೆ ನೋಡಿ. ಇಂಗೆ ಯಾವತ್ತೂ ಮಾಡ್ದೋರಲ್ಲ" ಅಂದರು. ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲಿಯವರೆಗೆ ನನ್ನ ಚಿಂತೆಯೆಲ್ಲ ನನ್ನ ಮಾನದ ಬಗ್ಗೆಯೇ ಇತ್ತು. ಆ ಕುರ್ಚಿ ಕಿರ್ರೆಂದ ಸದ್ದು ನನಗೆ ಮರೆತೇ ಹೋಗಿತ್ತು.

ಅವರಿಬ್ಬರ ಮುಂದೆಯೇ ಇನ್ನೊಮ್ಮೆ ಪ್ರಯತ್ನ ಮಾಡಿಬಿಡೋಣವೆಂದು ಕಂಪ್ಯೂಟರಿನ ಮುಂದೆ ಕೂತೆ. ಗಾಬರಿಯಲ್ಲಿ ಕ್ಯಾಮೆರಾದ ಗುಂಡಿಗಳನ್ನೆಲ್ಲ ಒಂದಾದಮೇಲೊಂದು ಒತ್ತುತ್ತಾ ಹೋದೆ. ಯಾವುದನ್ನೋ ಒತ್ತಿದಾಗ ಅದರ ಪರದೆಯ ಮೇಲೂ ಒಂದು ಚೌಕ ಬಂತು. ಹೌದು, ಇಲ್ಲ ಎಂದು ಎರಡು ಉತ್ತರ. ರೂಢಿಯಂತೆ ನನ್ನ ಹೆಬ್ಬೆರಳು ಹೌದು ಎನ್ನುವುದರ ಮೇಲೆ ಹೋಯಿತು. ಅಷ್ಟರಲ್ಲಿ ಹೆಡ್‌ಮಾಸ್ಟರು ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದರು.

"ಓದ್ರೀ!" ಎಂದು ಗುಡುಗಿದರು. ನಾನು ಎಂಟನೇ ಕ್ಲಾಸಿನ ಹುಡುಗನಾಗಿಬಿಟ್ಟೆ. "ಏನು ಕೇಳ್ತದೆ ಅಂತ ಓದಿದ್ರೇನ್ರೀ? ಆಲ್ ಪಿಕ್ಚರ್ಸ್ ವಿಲ್ ಬಿ ಎರೇಸ್ಡ್. ಎಲ್ಲಾ ಚಿತ್ರಗಳನ್ನೂ ಅಳಿಸಲಾಗುವುದು. ಅದಕ್ಕೆ ಹೌದು ಅಂತೀರಲ್ರೀ!"

ಚಾಪೆಯ ಮೇಲೆ ಕಾಯಿ ಸುಲಿಯುವ ಸದ್ದು ನಿಂತಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ, ಗೆದ್ದಲು ಮಾಡಿದ ಕೆಲಸವನ್ನು ನಾನು ಪೂರ್ತಿ ಮಾಡಿ ಮುಗಿಸುತ್ತಿದ್ದೆ. ಗೆದ್ದಲಾದರೂ ಒಂದು ಮುಖ ಉಳಿಸಿತ್ತು.

"ಏಳ್ರೀ ಮೇಲಕ್ಕೆ" ಅಂದರು ಹೆಡ್‌ಮಾಸ್ಟರು. ಎದ್ದೆ. ಅವರು ಕೂತು, ಕನ್ನಡಕ ಸರಿಮಾಡಿಕೊಂಡು, ಇಲ್ಲ ಎನ್ನುವುದನ್ನು ಒತ್ತಿ, ವೈರನ್ನು ಚುಚ್ಚಲು ನನಗೆ ಹೇಳಿದರು. ಚುಚ್ಚಿದೆ. ಅದೇ ಹಾಳು ಚೌಕ ಬಂತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವರು ಅದರ ಮೇಲೆ ಫಟ್ಟನೆ ಒಂದು ಏಟು ಕೊಟ್ಟರು. ಆಮೇಲೆ ಹತ್ತನೇ ಕ್ಲಾಸಿನಲ್ಲಿ ಪದ್ಯ ಬಿಡಿಸುವ ಹಾಗೆ ಓದಿದರು. "ಕುಡ್ ನಾಟ್ ಕ್ಲೇಮ್ ದ ಕ್ಯಾಮೆರಾ. ಕ್ಲೇಮ್ ಅಂದ್ರೇನ್ರೀ? ತನ್ನದು ಅಂತ ಹಕ್ಕು ಹೇಳೋದು. ಅಂದ್ರೆ ಕ್ಯಾಮೆರಾವನ್ನ ತನ್ನ ವಶಕ್ಕೆ ತಗೊಳೋಕೆ ಇದಕ್ಕೆ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ? ಮುಂದಿನ ವಾಕ್ಯದಲ್ಲೇ ಉತ್ತರ ಇದೆ. ಇಟ್ ಮೇ ಬಿ ಇನ್ ಯೂಸ್ ಬೈ ಅನದರ್ ಪ್ರೋಗ್ರಾಮ್. ಮೇ ಬಿ, ಇರಬಹುದು. ಅನದರ್, ಇನ್ನೊಂದು. ಬೇರೆ ಯಾವುದೋ ಪ್ರೋಗ್ರಾಮು ಕ್ಯಾಮೆರಾವನ್ನ ಆಗಲೇ ಹಿಡ್ಕೊಂಡಿರಬಹುದು. ಇಷ್ಟು ಸರಳವಾದ ಇಂಗ್ಲಿಷ್ ಕಣ್ರೀ ಇದು! ಪಾಪ, ಎರಡು ವಾರದಿಂದ ಇದು ನಿಮಗೆ ಹೇಳ್ತಾನೇ ಇದೆ."

"ಯಾವುದು ಹಿಡ್ಕೊಂಡಿದೆ ಸಾರ್?" ಅಂದೆ.

"ಅದನ್ನ ಇದು ಹೇಳಿಲ್ಲ" ಎಂದು ಅವರು ಪರದೆಯನ್ನು ಮೇಲಿಂದ ಕೆಳಗೆ ಓದಿದರು. ಎಲ್ಲೂ ಇನ್ನೊಂದು ವಾಕ್ಯವಿರಲಿಲ್ಲ. ವಾಕ್ಯವಿಲ್ಲದ ಕಡೆ ಅವರ ವಿದ್ಯೆಯೂ ನಿಂತಿತು.

ಮಹದೇವಮ್ಮನವರು ಮಡಿಲಿನ ಸಿಪ್ಪೆ ಕೊಡವಿ ಎದ್ದು ಬಂದು ನಮ್ಮ ಬೆನ್ನ ಹಿಂದೆ ನಿಂತರು. ಅವರಿಗೆ ಓದಲು ಬರುವುದಿಲ್ಲ. ಆದ್ದರಿಂದ ಅವರು ನೋಡಿದರು. "ಅಲ್ಲಾ, ಆ ಮೂಲೇಲಿ ಪುಟಾಣಿ ಕ್ಯಾಮ್ರದ್ ಬೊಂಬೆ ಒಂದ್ ಕೂತದಲ್ಲ, ಅದ್ಯಾಕೆ? ನೀವು ದಾರ ಚುಚ್ದೇಟ್ಗೇ ಬಂತು ಅದು, ನಾನ್ ಅಲ್ಲಿಂದ್ಲೇ ನೋಡ್ದಿ. ಅವ್ನೇ ಇಟ್ಕಂಡಿರೋನು. ಒಬ್ಬ ಕೊಡವ ಇಡ್ಕಂಡಿದ್ರೆ ಇನ್ನೊಬ್ಬ ಎಂಗ್ ತಕಂಡಾನು? ಮೊದ್ಲು ಬುಡು ಅನ್ನಿ ಅವ್ನಿಗೆ" ಅಂದರು.

ನಿಜ. ಪರದೆಯ ಎಡಮೂಲೆಯಲ್ಲಿ ಕ್ಯಾಮೆರಾದ ಒಂದು ಸಣ್ಣ ಚಿತ್ರವಿತ್ತು. ಮೊದಲ ದಿನದಿಂದಲೂ ಇತ್ತು. ಕ್ಯಾಮೆರಾ ಚುಚ್ಚಿದ ಕೂಡಲೇ, ಕಡತಗಳನ್ನು ನೋಡಿಕೊಳ್ಳುವ ಇನ್ನೊಂದು ತಂತ್ರಾಂಶ ಮನೆಗೆ ಬಂದ ನೆಂಟನಿಗೆ ಚಾಪೆ ಹಾಸುವಂತೆ ಅದನ್ನು ಬರಮಾಡಿಕೊಂಡು, ಬಿಡದೆ ಹಿಡಿದುಕೊಂಡು ಕೂರುತ್ತಿತ್ತು. ಫೋಟೋ ತಂತ್ರಾಂಶ ಬಂದು ಕೇಳಿದರೆ ಕೊಡುತ್ತಿರಲಿಲ್ಲ. ನಾನು ಒಂದಕ್ಕೆ ಐದು ತಂತ್ರಾಂಶ ತಂದು ಕೂರಿಸಿದ್ದರಿಂದ, ಒಂದು ನಲ್ಲಿಗೆ ಐದು ಮನೆಯ ಬಿಂದಿಗೆ ಸಾಲುಗಟ್ಟಿದಂತಾಗಿತ್ತು, ಅಷ್ಟೇ.

ಹೆಡ್‌ಮಾಸ್ಟರು ಆ ಚಿತ್ರದ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಬಂದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ಅನ್‌ಮೌಂಟ್. ಇಳಿಸು. ಕುದುರೆ ಮೇಲಿಂದ ಇಳಿಸೋದಕ್ಕೂ ಇದೇ ಮೂಲ" ಎಂದು ಅದನ್ನು ಒತ್ತಿದರು. ಮೂಲೆಯ ಚಿತ್ರ ಮಾಯವಾಯಿತು. ಫೋಟೋ ತಂತ್ರಾಂಶವನ್ನು ಮತ್ತೆ ತೆರೆದೆವು. ಚೌಕ ಬರಲಿಲ್ಲ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪೇಟ ಬಂತು, ಹಾರ ಬಂತು, ಹಣ್ಣಿನ ತಟ್ಟೆ ಬಂತು, ಬಾಯಿ ತೆರೆದು ಭಾಷಣ ಮಾಡುತ್ತಿರುವ ಅಂತೋಣಿ ಬಂದರು. ಒಂದರ ಹಿಂದೊಂದು ಸಾಲುಸಾಲಾಗಿ ಪರದೆ ತುಂಬಿತು. ಕೊನೆಗೆ ಆ ಎರಡು ಕುರ್ಚಿ ಬಂದವು.

ನಾಗರತ್ನ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತಳು. ಮಹದೇವಮ್ಮನವರು ಪರದೆಯ ಮೇಲಿನ ಗಂಡನ ಮುಖವನ್ನು ಬೆರಳಿನಿಂದ ಮುಟ್ಟಿ, "ಈಗ ಸರಿ. ಯಾರ್ನ ಮದ್ವೆ ಆದೆ ಅಂತ ಇನ್ ಯಾರೂ ಕೇಳಂಗಿಲ್ಲ" ಅಂದರು. ಹೆಡ್‌ಮಾಸ್ಟರು "ಇವಳು ಸ್ಕೂಲಿಗೆ ಹೋಗಿದ್ರೆ ನನಗೆ ಹೆಡ್‌ಮಾಸ್ಟರ್ ಆಗೋಕೆ ಬಿಡ್ತಿರಲಿಲ್ಲ ಕಣ್ರೀ" ಅಂದರು. ಅವರು ಹೆಂಡತಿಯನ್ನು ಹೊಗಳಿದ್ದು ಅದೇ ಮೊದಲಿರಬೇಕು. ಏಕೆಂದರೆ ಮಹದೇವಮ್ಮನವರು ಮತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು, ಅವರೆಕಾಯಿಯ ಹತ್ತಿರ ಹೋಗಿ ಕೂತುಬಿಟ್ಟರು.

ಆ ಫೋಟೋವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ, ಸ್ಟುಡಿಯೋದವನ ಹತ್ತಿರವೇ ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ಬಂಡಳ್ಳಿಗೆ ತಲುಪಿಸಿದೆ. ಬೆಂಕಿಪೊಟ್ಟಣದ ಗಾತ್ರದಲ್ಲಿ ಯಾರಿಗೂ ಕಾಣದಿದ್ದ ಒಂದು ಸಂಗತಿ ದೊಡ್ಡದಾದ ಮೇಲೆ ಕಾಣಿಸಿತು. ಪಟದ ಬಲಗಡೆ ಮೇಲಿನ ಮೂಲೆಯಲ್ಲಿ ಕೆಂಪಗೆ, ದಪ್ಪಗೆ, ಸಿಪ್ಪೆ ಸುಲಿದ ಗೆಣಸಿನಂಥ ಏನೋ ಒಂದು ಇಣುಕುತ್ತಿತ್ತು. ಅದು ನನ್ನ ಬೆರಳು. ಕತ್ತರಿಸಿ ತೆಗೆದುಬಿಡಲಾ ಎಂದು ಸ್ಟುಡಿಯೋದವನು ಕೇಳಿದ. ತೆಗೆದರೆ ಹೆಡ್‌ಮಾಸ್ಟರ ಪೇಟದ ಕುಚ್ಚೂ ಹೋಗುತ್ತಿತ್ತು. ಹಾಗಾಗಿ ಬೆರಳು ಉಳಿಯಿತು.

ಅದಾದ ಒಂದು ತಿಂಗಳಿಗೆ ಅವರು ಊಟಕ್ಕೆ ಕರೆದರು. ನಾನು, ನಾಗರತ್ನ ಹೋದೆವು. ನಡುಮನೆಯ ಗೋಡೆಯ ಮೇಲೆ ಪಟವಿತ್ತು, ಅದಕ್ಕೊಂದು ಪುಟ್ಟ ಬಲ್ಬು ಕೂಡ ಹಾಕಿಸಿದ್ದರು. ಪಕ್ಕದ ಮನೆಯ ಹೆಂಗಸರು ಮೂರ್ನಾಲ್ಕು ಜನ ಬಂದು ಕೂತಿದ್ದರು. ಮಹದೇವಮ್ಮನವರು ಅವರಿಗೆ ಪಟ ತೋರಿಸುತ್ತಾ, "ಇದು ಅವ್ರು, ಇದು ನಾನು, ಆ ಮ್ಯಾಗಡೆ ಕಾಣ್ತದಲ್ಲ, ಅದು ಕೊಳ್ಳೇಗಾಲದ್ ಮೇಷ್ಟ್ರ ಬೆಳ್ಳು" ಎಂದು ಬಹಳ ಸಲ ಹೇಳಿ ರೂಢಿಯಾದವರಂತೆ ಹೇಳಿದರು. ಒಬ್ಬಾಕೆ ಪಟದ ಮೂಲೆಯನ್ನು ನೋಡಿ, ತಿರುಗಿ ನನ್ನನ್ನು ನೋಡಿ, ಕಣ್ಣು ಕೆಳಗಿಳಿಸಿ ನನ್ನ ಬಲಗೈಯನ್ನು ನೋಡಿ, "ಓ, ಇವರ್ದೇಯಾ!" ಅಂದಳು. ಉಳಿದವರೂ ಬಗ್ಗಿ ನೋಡಿದರು. ನಾನು ಮೆಲ್ಲನೆ ಕೈಯನ್ನು ಪಂಚೆಯ ಮರೆಗೆ ಸರಿಸಿಕೊಂಡೆ. ಅಷ್ಟರಲ್ಲಿ ಎಲೆ ಹಾಕಿದರು, ಮುದ್ದೆ ಬಡಿಸಿದರು. ಎಲ್ಲರೂ ನೋಡುತ್ತಾ ಕೂತಿದ್ದರು, ಆ ಕೈಯಲ್ಲೇ ಊಟ ಮಾಡಬೇಕಿತ್ತು.